ಉಪ್ಪು ನೀರಿಗೊಂದು ಬಾಗಿಲು: ಅಘನಾಶಿನಿ ಗಜನಿಯ ಕಥೆ

ಕಲಬುರಗಿಯವನಿಗೂ ಸಮುದ್ರಕ್ಕೂ ಏನ್ರೀ ಸಂಬಂಧ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ನಾನಿರೋದು ಜಗತ್‌ನಲ್ಲಿ. (ಹೌದು, ನಮ್ಮ ಬಡಾವಣೆಯ ಹೆಸರೇ ಜಗತ್. "ಎಲ್ಲಿರ್ತೀರಿ?" ಅಂದವರಿಗೆ "ಜಗತ್ತಿನಾಗ" ಅನ್ನೋ ಹಳೇ ಜೋಕು ನಮ್ಮ ಮನೆಯಲ್ಲಿ ಇನ್ನೂ ಸವೆದಿಲ್ಲ.) ಇಲ್ಲಿಂದ ಗೋಕರ್ಣದ ಪಕ್ಕದ ತದಡಿಗೆ ಭೂಪಟದ ಮೇಲೆ ನೇರ ಗೆರೆ ಎಳೆದರೂ ನಾನೂರು ಕಿಲೋಮೀಟರ್. ವರ್ಷಕ್ಕೆ ಏಳೆಂಟು ನೂರು ಮಿಲಿಮೀಟರ್ ಮಳೆ ಬಂದರೆ ನಮಗೆ ಹಬ್ಬ. ಅಲ್ಲಿ ಮೂರು ಸಾವಿರ ದಾಟಿದರೂ ಅದು ಸುದ್ದಿಯಲ್ಲ.

ಆದರೂ ಸಂಬಂಧ ಇದೆ, ಮತ್ತು ಅದು ಉಪ್ಪಿನದು. ನಮ್ಮಲ್ಲಿಂದ ಕಮಲಾಪುರದ ಕಡೆ ಹೊರಟರೆ ಸಾಲು ಸಾಲು ಲಂಬಾಣಿ ತಾಂಡಾಗಳು. ಲಂಬಾಣಿ, ಲಮಾಣಿ ಅನ್ನೋ ಹೆಸರು 'ಲವಣ'ದಿಂದ ಬಂದದ್ದು ಅಂತ ಹಲವು ವಿದ್ವಾಂಸರು ಹೇಳುತ್ತಾರೆ. ರೈಲು ಬರುವುದಕ್ಕೆ ಮುಂಚೆ ಸಾವಿರಾರು ಎತ್ತುಗಳ ಹಿಂಡು ಕಟ್ಟಿಕೊಂಡು ಕರಾವಳಿಯ ಉಪ್ಪನ್ನು ದಖ್ಖನ್ನಿನ ಒಳನಾಡಿಗೆ ಹೊತ್ತು ತಂದವರು ಅವರು. ಅಂದರೆ ನಮ್ಮ ಮುತ್ತಜ್ಜಿಯರ ಅಡುಗೆಮನೆಗೂ ಕಡಲ ದಂಡೆಯ ಕೆಸರಿಗೂ ನಡುವೆ ಒಂದು ಎತ್ತಿನ ದಾರಿ ಇತ್ತು. ಆ ದಾರಿಯ ಇನ್ನೊಂದು ತುದಿಯಲ್ಲಿ ಏನಿದೆ ಅಂತ ನೋಡುವ ಆಸೆ ಬಹಳ ವರ್ಷದಿಂದ ಇತ್ತು. ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು, ಅಂಕೋಲಾದಿಂದ ಗೋಕರ್ಣದ ಬಸ್ ಹಿಡಿದು ಒಂದು ಫೆಬ್ರವರಿಯಲ್ಲಿ ಕೊನೆಗೂ ಹೋಗಿ ಬಂದೆ. ಅಲ್ಲಿ ಕಂಡದ್ದು, ಬಂದ ಮೇಲೆ ಓದಿ ತಿಳಿದದ್ದು ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಮೊದಲು ನದಿಯ ಪರಿಚಯ. ಅಘನಾಶಿನಿ ಶಿರಸಿ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಎತ್ತರದಿಂದ ಧುಮುಕಿ, ಕುಮಟಾ ತಾಲೂಕಿನ ತದಡಿ ಮತ್ತು ಅಘನಾಶಿನಿ ಎಂಬ ಎರಡು ಊರುಗಳ ನಡುವೆ ಸಮುದ್ರ ಸೇರುತ್ತದೆ. ದೊಡ್ಡ ಅಣೆಕಟ್ಟು ಇಲ್ಲದ ನದಿ ಅಂತ ಇದಕ್ಕೆ ಹೆಸರು. ಪಕ್ಕದ ಶರಾವತಿಗೆ ಲಿಂಗನಮಕ್ಕಿ, ಕಾಳಿಗೆ ಸೂಪಾ. ಇದಕ್ಕೆ ಅಂಥದ್ದು ಯಾವುದೂ ಇಲ್ಲ. ಸಮುದ್ರ ಸೇರುವ ಮುಂಚೆ ನದಿ ಅಗಲವಾಗಿ ಹರಡಿಕೊಂಡು ದೊಡ್ಡ ಅಳಿವೆ ಆಗುತ್ತದೆ. ದಿನಕ್ಕೆ ಎರಡು ಸಲ ಕಡಲಿನ ಉಬ್ಬರ ಅದರೊಳಗೆ ನುಗ್ಗುತ್ತದೆ, ಎರಡು ಸಲ ಹಿಂದೆ ಸರಿಯುತ್ತದೆ. ಅದರ ಅಂಚಿನುದ್ದಕ್ಕೂ ಕಾಂಡ್ಲಾ ಕಾಡು, ಕೆಸರು ಬಯಲು, ಸವಳು ನೀರಿನ ಜೌಗು.

2024ರ ಜನವರಿ ಕೊನೆಯಲ್ಲಿ ಈ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿತು. ಇರಾನಿನ ರಾಮ್ಸರ್ ಪಟ್ಟಣದಲ್ಲಿ 1971ರ ಫೆಬ್ರವರಿ 2ರಂದು ಆದ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಜೌಗು ಪ್ರದೇಶಗಳಿಗೆ ಕೊಡುವ ಮಾನ್ಯತೆ ಅದು. ಅಘನಾಶಿನಿಯ 4,801 ಹೆಕ್ಟೇರ್ ಜೊತೆಗೆ ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಕೂಡ ಅದೇ ಸಲ ಪಟ್ಟಿ ಸೇರಿದವು. ಅಲ್ಲಿಯವರೆಗೆ ನಮ್ಮ ರಾಜ್ಯದಿಂದ ಇದ್ದದ್ದು 2022ರಲ್ಲಿ ಸೇರಿದ ರಂಗನತಿಟ್ಟು ಒಂದೇ. ಮೇಲೆ ಘಟ್ಟದಲ್ಲಿ ಇದೇ ನದಿಯ ಕಾಡು 2011ರಲ್ಲಿ ಸಿಂಗಳೀಕಗಳ ಸಂರಕ್ಷಿತ ಪ್ರದೇಶವಾಗಿತ್ತು. ಹಾಗಾಗಿ ಈಗ ನದಿಯ ತಲೆಗೂ ಕಾಲಿಗೂ ರಕ್ಷಣೆಯ ಹೆಸರಿದೆ.

'ಸಂರಕ್ಷಿತ ಪ್ರದೇಶ' ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಏನು? ಬೇಲಿ, ಗೇಟು, ಖಾಕಿ ಬಟ್ಟೆಯ ಗಾರ್ಡು, ಒಳಗೆ ಮನುಷ್ಯರ ಕೈ ಸೋಕದ ಕಾಡು. ನಾನೂ ಅಂಥದ್ದೇ ಒಂದು ಚಿತ್ರ ಇಟ್ಟುಕೊಂಡು ಹೋಗಿದ್ದೆ. ಅಲ್ಲಿ ಕಂಡದ್ದೇ ಬೇರೆ. ಕೆಸರಿನಲ್ಲಿ ಸೊಂಟದವರೆಗೆ ಇಳಿದು ಬಳಚು ಆರಿಸುವ ಹೆಂಗಸರು, ಬುಟ್ಟಿ ಹೊತ್ತ ಗಂಡಸರು, ಉಪ್ಪು ಎಳೆಯುವ ಕೂಲಿಯವರು, ಸಿಗಡಿಗೆ ಬಲೆ ಕಟ್ಟುವವರು... ಅವರ ಮಧ್ಯೆಯೇ ಬೆಳ್ಳಕ್ಕಿ, ಕೊಕ್ಕರೆ, ಚಳಿಗಾಲಕ್ಕೆ ಉತ್ತರದಿಂದ ಬಂದ ಸಣ್ಣ ಸಣ್ಣ ದಂಡೆಹಕ್ಕಿಗಳು. ಹಕ್ಕಿಗಳಿಗೂ ಜನರಿಗೂ ಒಂದೇ ಕೆಸರು. ಈ ಅಳಿವೆಯನ್ನು ನಂಬಿ ಬದುಕುವ ಕುಟುಂಬಗಳು ಆರರಿಂದ ಏಳೂವರೆ ಸಾವಿರ ಅಂತ ರಾಮ್ಸರ್ ಘೋಷಣೆಯ ಹೊತ್ತಿಗೆ ಸರ್ಕಾರವೇ ಹೇಳಿತ್ತು. ಬಳಚಿನ ಲೆಕ್ಕವೊಂದನ್ನೇ ತೆಗೆದುಕೊಳ್ಳಿ. ಭಾರತೀಯ ವಿಜ್ಞಾನ ಸಂಸ್ಥೆಯ ಬೂಮಿನಾಥನ್, ಸುಭಾಷ್ ಚಂದ್ರನ್, ರಾಮಚಂದ್ರ 2008ರಲ್ಲಿ ಮಾಡಿದ ಅಧ್ಯಯನದ ಅಂದಾಜು, ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪಿನ ಜೀವಿಗಳು, ಅದರಿಂದ ಹೊಟ್ಟೆ ಹೊರೆಯುವವರು ಸುಮಾರು 2,300 ಜನ.

ಈ ಜೌಗಿನ ಅತಿ ದೊಡ್ಡ ವಿಸ್ಮಯ ಅಂದರೆ ಗಜನಿ. ಘಟ್ಟದ ಮೇಲಿನ ನಮಗೆ ಈ ಶಬ್ದವೇ ಹೊಸದು. (ಅಮೀರ್ ಖಾನ್ ಸಿನಿಮಾ ಅಲ್ಲ, ಘಜ್ನಿ ಮಹಮೂದನೂ ಅಲ್ಲ!) ಗಜನಿ ಅಂದರೆ ಅಳಿವೆಯ ಅಂಚಿನ ತಗ್ಗು ಜೌಗಿಗೆ ಮಣ್ಣಿನ ಕಟ್ಟೆ ಹಾಕಿ, ಅಲ್ಲಲ್ಲಿ ಹಲಗೆ ಬಾಗಿಲಿನ ತೂಬು ಇಟ್ಟು ಮಾಡಿಕೊಂಡ ಗದ್ದೆ. ಜೂನಿನಲ್ಲಿ ಮಳೆ ಹಿಡಿದ ಮೇಲೆ ಸಿಹಿ ನೀರು ಮಣ್ಣಿನ ಉಪ್ಪನ್ನು ತೊಳೆದು ಹಾಕುತ್ತದೆ. ನದಿಯ ನೀರು ಇಳಿದಾಗ ತೂಬು ತೆರೆದು ಆ ತೊಳೆದ ನೀರನ್ನು ಹೊರಗೆ ಬಿಡಬೇಕು, ಉಬ್ಬರ ಬರುವಷ್ಟರಲ್ಲಿ ಮುಚ್ಚಬೇಕು. ಹೀಗೆ ಕೆಲವು ವಾರ ತೊಳೆದ ಮೇಲೆ ಮೊಳಕೆ ಕಟ್ಟಿದ ಬೀಜ ಎರಚುತ್ತಾರೆ.

ಆ ಬೀಜದ ಹೆಸರು ಕಗ್ಗ. ನಮ್ಮ ಬಹುಪಾಲು ಭತ್ತ ಉಪ್ಪು ತಾಗಿದರೆ ಸುಟ್ಟಂತೆ ಆಗುತ್ತದೆ. ಕಗ್ಗ ಅಷ್ಟಿಷ್ಟು ಉಪ್ಪನ್ನು ತಡೆದುಕೊಳ್ಳುತ್ತದೆ, ಮಳೆಗಾಲದಲ್ಲಿ ನೀರು ನಿಂತರೂ ಸಾಯುವುದಿಲ್ಲ, ಆಳುದ್ದ ಬೆಳೆದು ತಲೆ ಮೇಲೆತ್ತುತ್ತದೆ. ಗೊಬ್ಬರ ಕೇಳುವುದಿಲ್ಲ, ಔಷಧಿ ಕೇಳುವುದಿಲ್ಲ. ನದಿ ಹೊತ್ತು ತಂದ ಹೂಳೇ ಅದಕ್ಕೆ ಊಟ. ದೀಪಾವಳಿಯ ಆಸುಪಾಸಿಗೆ ಕೊಯ್ಲು. ಬುಡದ ಕೂಳೆಯನ್ನು ಹಾಗೇ ಬಿಡುತ್ತಾರೆ. ಆಮೇಲೆ ತೂಬು ತೆರೆದು ಉಪ್ಪು ನೀರನ್ನು ಬೇಕೆಂದೇ ಒಳಗೆ ಕರೆಯುತ್ತಾರೆ. ನೀರಿನ ಜೊತೆ ಸಿಗಡಿ ಮರಿ, ಮೀನು ಮರಿ ಬರುತ್ತವೆ. ಕೊಳೆತ ಕೂಳೆ ಅವಕ್ಕೆ ಮೇವು. ಬೆಳೆದ ಮೇಲೆ ಇಳಿತದ ಹೊತ್ತಿಗೆ ತೂಬಿನ ಬಾಯಿಗೆ ಬಲೆ. ಅರ್ಧ ವರ್ಷ ಅಕ್ಕಿ, ಅರ್ಧ ವರ್ಷ ಮೀನು, ಒಂದೇ ಗದ್ದೆಯಲ್ಲಿ! ಕೇರಳದ ಪೊಕ್ಕಾಲಿ ಗದ್ದೆ, ಗೋವೆಯ ಖಜಾನ್ ಗದ್ದೆ ಇದರದೇ ಅಣ್ಣ ತಮ್ಮಂದಿರು.

ಇನ್ನು ಉಪ್ಪು. ಅಳಿವೆಯ ಪಕ್ಕದ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರಗಳಿವೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಎಲ್ಲ ಲವಣಗಳೂ ಸೇರಿ ಸುಮಾರು 35 ಗ್ರಾಂ, ಅದರಲ್ಲಿ ಅಡುಗೆ ಉಪ್ಪು 27 ಗ್ರಾಂ. ಲೆಕ್ಕ ಹಾಕಿ ನೋಡಿ, ಒಂದು ಕೆ.ಜಿ. ಉಪ್ಪಿಗೆ 37 ಲೀಟರ್ ನೀರು ಬಿಸಿಲಲ್ಲಿ ಆರಬೇಕು. ಉಬ್ಬರದ ನೀರನ್ನು ಕಾಲುವೆಯಿಂದ ದೊಡ್ಡ ಹೊಂಡಕ್ಕೆ, ಅಲ್ಲಿಂದ ಸಣ್ಣ ಮಡಿಗಳಿಗೆ, ಅಲ್ಲಿಂದ ಇನ್ನೂ ಸಣ್ಣ ಮಡಿಗಳಿಗೆ ದಾಟಿಸುತ್ತಾ ಹೋಗುತ್ತಾರೆ. ಮೊದಲು ಜಿಪ್ಸಮ್ ತಳಕ್ಕೆ ಕೂರುತ್ತದೆ. ಕೊನೆಯ ಮಡಿಯಲ್ಲಿ ಉಪ್ಪು ಹರಳುಗಟ್ಟುತ್ತದೆ. ಅದನ್ನು ಬಾಚಿ ತೆಗೆದ ಮೇಲೆ ಉಳಿಯುವ ಕಹಿ ನೀರನ್ನು ಹೊರಗೆ ಹಾಕಬೇಕು, ಇಲ್ಲದಿದ್ದರೆ ಉಪ್ಪೂ ಕಹಿ. ಇಷ್ಟೆಲ್ಲ ಮಳೆ ನಿಂತ ಮೇಲೆ ಶುರುವಾಗಿ ಮುಂದಿನ ಮಳೆಗೆ ಮುಂಚೆ ಮುಗಿಯಬೇಕು. ಗಜನಿಗೆ ಮಳೆಯೇ ದೇವರು, ಆಗರಕ್ಕೆ ಬಿಸಿಲೇ ದೇವರು. ಎರಡೂ ನಿಂತಿರುವುದು ಒಂದೇ ನೀರಿನ ಮೇಲೆ, ಒಂದೇ ರೀತಿಯ ಕಟ್ಟೆ ಮತ್ತು ಬಾಗಿಲಿನ ಮೇಲೆ.

ಈಗ ಇತಿಹಾಸಕ್ಕೆ ಬರೋಣ. ಈ ಅಳಿವೆ ಎಂದೂ ಮೂಲೆಯ ಜಾಗ ಆಗಿರಲಿಲ್ಲ. ನದಿಯ ದಂಡೆಯ ಮಿರ್ಜಾನ್ ಕೋಟೆ ಈಗಲೂ ನಿಂತಿದೆ. ಕಾಳುಮೆಣಸಿನ ರಾಣಿ ಅಂತ ಪೋರ್ಚುಗೀಸರು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿನ ಜೊತೆ ಅದನ್ನು ನೆನೆಯುತ್ತಾರೆ. ನಮ್ಮ ಕಲಬುರಗಿಯಲ್ಲಿ 1347ರಲ್ಲಿ ಶುರುವಾದ ಬಹಮನಿ ರಾಜ್ಯಕ್ಕೂ ಪಶ್ಚಿಮದ ಬಂದರುಗಳ ಮೇಲೆ ಕಣ್ಣಿತ್ತು. ರಾಜಧಾನಿ ಬೀದರಿಗೆ ಹೋದ ಮೇಲೆ ಮಹಮೂದ್ ಗವಾನ್ 1472ರಲ್ಲಿ ಗೋವೆ ಗೆದ್ದ. ಮುಂದೆ ನಾವು ನಿಜಾಮರ ಕೈಕೆಳಗೆ ಬಂದೆವು. ಅವರು 1760ರ ದಶಕದಲ್ಲಿ ಪೂರ್ವ ಕರಾವಳಿಯ ಉತ್ತರ ಸರ್ಕಾರ್ ಪ್ರದೇಶವನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಅಷ್ಟು ದೊಡ್ಡ ರಾಜ್ಯಕ್ಕೆ ಕಡಲೇ ದೂರವಾಯಿತು. ಉಪ್ಪಿಗೆ ಹೊರಗಿನವರ ಮುಖ ನೋಡಬೇಕು. ಆ ಖಾಲಿ ಜಾಗ ತುಂಬಿದ್ದು ಲಂಬಾಣಿಗಳ ಎತ್ತುಗಳು. ಕುಮಟಾ ಆಗ ಹತ್ತಿ ಬಂದರು. ಧಾರವಾಡ ಸೀಮೆಯ ಹತ್ತಿಗೆ ಪರದೇಶದ ಪೇಟೆಯಲ್ಲಿ 'ಕುಮಟಾ' ಅಂತಲೇ ಹೆಸರು. ಘಟ್ಟ ಇಳಿಯುವ ಎತ್ತಿನ ಬೆನ್ನಿಗೆ ಹತ್ತಿ, ಹತ್ತುವ ಎತ್ತಿನ ಬೆನ್ನಿಗೆ ಉಪ್ಪು. 1871ರಲ್ಲಿ ಮುಂಬಯಿ ಮದ್ರಾಸ್ ರೈಲು ದಾರಿ ಕಲಬುರಗಿಯ ಮೇಲೆ ಹಾದು ರಾಯಚೂರಿನಲ್ಲಿ ಕೂಡಿಕೊಂಡಿತು. ಉಪ್ಪು ರೈಲು ಹತ್ತಿತು. ಎತ್ತಿನ ದಾರಿ ಹುಲ್ಲು ಹಿಡಿಯಿತು. ಉಪ್ಪು ಹೊತ್ತವರ ಮಕ್ಕಳು ಕಲ್ಲು ಒಡೆಯಲು, ಕಬ್ಬು ಕಡಿಯಲು, ದೂರದ ಊರುಗಳಿಗೆ ಗುಳೆ ಹೋಗಲು ಶುರು ಮಾಡಿದರು. ಇದನ್ನೂ ಉಪ್ಪಿನ ಇತಿಹಾಸದಲ್ಲೇ ಸೇರಿಸಬೇಕು ಅನ್ನುವವನು ನಾನು.

ಉಪ್ಪು ಮಾಡಿದವರ ಕಥೆಯೂ ಸುಖದ್ದಲ್ಲ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾ ಕಂಪನಿಯ ಕೈ ಸೇರಿತು. ಮದ್ರಾಸ್ ಸರ್ಕಾರ 1805ರಲ್ಲಿ ಉಪ್ಪಿನ ಏಕಸ್ವಾಮ್ಯ ತಂದಿತು. ಆಮೇಲೆ ಅದು ಪಶ್ಚಿಮ ಕರಾವಳಿಗೂ ಬಂತು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ವರ್ಗವಾಯಿತು, ಒಡೆಯರು ಬದಲಾದರು, ತೆರಿಗೆ ಬದಲಾಗಲಿಲ್ಲ. ಮನೆಯ ಮುಂದಿನ ಕೆಸರಿನಲ್ಲಿ ಬಿಸಿಲಿಗೆ ತಾನಾಗಿಯೇ ಹೆಪ್ಪುಗಟ್ಟಿದ ಉಪ್ಪನ್ನು ಬಾಚಿಕೊಂಡರೂ ಅಪರಾಧ! 1930ರಲ್ಲಿ ತೆರಿಗೆ ಮಣಕ್ಕೆ, ಅಂದರೆ ಸುಮಾರು 37 ಕೆ.ಜಿ.ಗೆ, ಒಂದೂಕಾಲು ರೂಪಾಯಿ.

ಆ ವರ್ಷದ ಏಪ್ರಿಲ್ 6ರಂದು ದಂಡಿಯಲ್ಲಿ ಗಾಂಧೀಜಿ ಉಪ್ಪು ಎತ್ತಿದರು. ಒಂದು ವಾರ ಕಳೆದು, ಏಪ್ರಿಲ್ 13ರಂದು, ಅಂಕೋಲಾದಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಕಾಯ್ದೆ ಮುರಿದರು. ಹಾಗೆ ಮಾಡಿದ ಉಪ್ಪನ್ನು ಅಲ್ಲೇ ಹರಾಜು ಹಾಕಿದರು. ಕರ್ನಾಟಕದ ಉಪ್ಪಿನ ಸತ್ಯಾಗ್ರಹಕ್ಕೆ ಅಂಕೋಲಾ ಯಾಕೆ ಅಂತ ಶಾಲೆಯಲ್ಲಿ ಯಾರೂ ನನಗೆ ಹೇಳಿರಲಿಲ್ಲ. ಈ ಸೀಮೆ ನೋಡಿದ ಮೇಲೆ ಅರ್ಥವಾಯಿತು. ಇಲ್ಲಿ ಉಪ್ಪು ಭಾಷಣದ ವಿಷಯ ಅಲ್ಲ, ಹಿತ್ತಲಿನ ಬೆಳೆ. ಅದನ್ನು ಮುಟ್ಟಬಾರದು ಅಂದರೆ ಸಿಟ್ಟು ಬರದೆ ಇರುತ್ತದೆಯೇ? ಉಪ್ಪಿನ ತೆರಿಗೆ ಪೂರ್ತಿ ಹೋದದ್ದು 1947ರಲ್ಲಿ.

ಸ್ವಾತಂತ್ರ್ಯ ಬಂದ ಮೇಲೆ ಗಜನಿಗೆ ಬೇರೆ ಬೇರೆ ಆಸೆಗಳು ಎದುರಾದವು. ಹಳೇ ಕಾಲದಲ್ಲಿ ಕಟ್ಟೆ ಅಂದರೆ ಮಣ್ಣು, ಅದರ ಬದಿಗೆ ಕಾಂಡ್ಲಾ ಬೇರಿನ ಹಿಡಿತ. 1970ರ ದಶಕದಲ್ಲಿ ಸರ್ಕಾರ ಖಾರಲ್ಯಾಂಡ್ ಯೋಜನೆಯಡಿ ಗಟ್ಟಿ ಕಟ್ಟೆಗಳನ್ನು ಕಟ್ಟಿಸಿತು. ಒಳ್ಳೆಯದೇ ಆಯಿತು ಅನ್ನಿ. ಆದರೆ ಅಲ್ಲಿಯವರೆಗೆ ಕಟ್ಟೆ ಊರಿನದಾಗಿತ್ತು, ವರ್ಷಾ ವರ್ಷ ಎಲ್ಲರೂ ಸೇರಿ ಮಣ್ಣು ಹಾಕುತ್ತಿದ್ದರು. ಈಗ ಅದು ಸರ್ಕಾರದ ಕಟ್ಟೆ. ಸರ್ಕಾರದ ಕಟ್ಟೆ ಬಿರುಕು ಬಿಟ್ಟರೆ ಅರ್ಜಿ ಬರೆಯಬೇಕು, ಕಾಯಬೇಕು. ಆಮೇಲೆ 1990ರ ದಶಕದಲ್ಲಿ ಸಿಗಡಿ ಕೃಷಿಯ ಹುಚ್ಚು ದೇಶದ ಕರಾವಳಿಗೆಲ್ಲ ಹಬ್ಬಿತು. ಭತ್ತ ಯಾಕೆ, ವರ್ಷವಿಡೀ ಉಪ್ಪು ನೀರೇ ನಿಲ್ಲಿಸಿ ಸಿಗಡಿ ಬೆಳೆದರೆ ಡಾಲರ್ ಬರುತ್ತದೆ ಅಂದರು. ಬಂತು ಕೂಡ, ಸ್ವಲ್ಪ ಕಾಲ. ಆಮೇಲೆ ಬಿಳಿಚುಕ್ಕೆ ರೋಗ ಬಂತು, ಹೊಂಡಕ್ಕೆ ಹೊಂಡವೇ ಸತ್ತಿತು. 1996ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ಕರಾವಳಿ ನಿಯಂತ್ರಣ ವಲಯದಲ್ಲಿ ಸಿಗಡಿ ಉದ್ಯಮ ಬೇಡ, ಹಳೇ ಸಾಂಪ್ರದಾಯಿಕ ಪದ್ಧತಿಗೆ ಮಾತ್ರ ಅವಕಾಶ ಅಂತ ತೀರ್ಪು ಕೊಟ್ಟಿತು. ತೀರ್ಪು ಬರುವಷ್ಟರಲ್ಲಿ ಎಷ್ಟೋ ಗದ್ದೆಯಲ್ಲಿ ಕಗ್ಗ ನಿಂತೇ ಹೋಗಿತ್ತು. 2000ದ ದಶಕದಲ್ಲಿ ತದಡಿಗೆ 4,000 ಮೆಗಾವ್ಯಾಟಿನ ಕಲ್ಲಿದ್ದಲು ಸ್ಥಾವರದ ಪ್ರಸ್ತಾಪ ಬಂತು. ಸುತ್ತಲಿನ ಊರಿನವರು ಎದ್ದು ನಿಂತರು. ಸ್ಥಾವರ ಅಲ್ಲಿಗೆ ಬರಲಿಲ್ಲ.

ಸಾಣಿಕಟ್ಟಾದ ಹತ್ತಿರ ಒಂದು ಮನೆಯ ಜಗಲಿಯಲ್ಲಿ ವಯಸ್ಸಾದ ಯಜಮಾನರೊಬ್ಬರು ಮಾತಿಗೆ ಸಿಕ್ಕರು. ಮನೆ ತುಂಬ ಗಜನಿಯದೇ ಲೆಕ್ಕ. ಮೂಲೆಯಲ್ಲಿ ಹುಲ್ಲಿನಿಂದ ಬಿಗಿದ ಬೀಜದ ಮುಡಿ. "ಕಗ್ಗ ಈಗಲೂ ಹಾಕ್ತೀರಾ ಅಜ್ಜಾರ?" ಅಂತ ಕೇಳಿದೆ.

"ಹೋದ ವರ್ಷ ಹಾಕ್ಲಿಲ್ಲ," ಅಂದರು.

"ಯಾಕ್ರೀ, ಆಳು ಸಿಗಲಿಲ್ಲೇನು?"

"ಆಳು ಸಿಗೂದಿಲ್ಲ, ಅದೂ ಹೌದು. ಆದ್ರೆ ಆಳು ಸಿಕ್ರೂ ನಾನೊಬ್ಬನೇ ಹಾಕೂಕೆ ಬರೂದಿಲ್ಲ ತಮ್ಮಾ. ಕಟ್ಟೆ ಎಲ್ಲರದು. ನಾ ಬೇಸಾಯ ಮಾಡ್ತೆ, ಪಕ್ಕದವ ಮಾಡೂದಿಲ್ಲ, ಅವ ಸಿಗಡಿಗೆ ಅಂತ ತೂಬು ತೆಗ್ದೇ ಇಟ್ಕಂತ. ಉಪ್ಪು ನೀರು ಅವನ ಗದ್ದೆ ಅಂತ ಹೇಳಿ ನಿಲ್ತದೆಯಾ?"

ಇಡೀ ಪ್ರವಾಸದಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಪಾಠ ಇದು. ನಮ್ಮ ಹೊಲದಲ್ಲಿ ನಾನು ತೊಗರಿ ಹಾಕಿ, ಪಕ್ಕದವರು ಬೀಳು ಬಿಟ್ಟರೆ ನನ್ನ ತೊಗರಿಗೆ ಏನೂ ಆಗುವುದಿಲ್ಲ. ಗಜನಿ ಹಾಗಲ್ಲ. ಅಲ್ಲಿ ಒಂದು ಕಟ್ಟೆಯೊಳಗೆ ಇದ್ದವರು ಎಲ್ಲರೂ ಬಿತ್ತಬೇಕು, ಇಲ್ಲವೇ ಯಾರೂ ಬಿತ್ತುವ ಹಾಗಿಲ್ಲ. ಮಕ್ಕಳು ಬೆಂಗಳೂರು, ಮುಂಬಯಿ, ಗೋವಾ ಸೇರಿದ ಮನೆಗಳ ಗದ್ದೆ ಒಂದೊಂದೇ ಕೈಬಿಟ್ಟಂತೆ, ಊರಲ್ಲೇ ಉಳಿದು ಬೇಸಾಯ ಮಾಡಬೇಕು ಅನ್ನುವವರ ಗದ್ದೆಯೂ ಹೋಗುತ್ತದೆ. ಎರಡು ಮೂರು ವರ್ಷ ಬಿತ್ತದೆ ಇಟ್ಟ ಬೀಜ ಮೊಳೆಯುವುದೇ ಅನುಮಾನ. ಹಾಗಾಗಿ ಗದ್ದೆ ಬಿಟ್ಟರೆ ಬೀಜವೂ ಹೋಯಿತು. ಬಿತ್ತುವ ಊರುಗಳು ಇನ್ನೂ ಇವೆ, ಕುಮಟಾದ ಮಾಣಿಕಟ್ಟಾದಂಥ ಕಡೆ ಊರವರು ಸೇರಿ ಕಗ್ಗವನ್ನು ಉಳಿಸಿಕೊಂಡು ಬಂದಿದ್ದಾರೆ. ಸೇರಿ ಅನ್ನುವುದನ್ನು ಗಮನಿಸಿ.

ಇಂಗ್ಲೆಂಡಿನ ವಾಲಸೀ ದ್ವೀಪದ ಬಗ್ಗೆ ಓದಿದೆ. ಅಲ್ಲೂ ಶತಮಾನಗಳ ಹಿಂದೆ ಕಟ್ಟೆ ಹಾಕಿ ಉಪ್ಪು ಜೌಗನ್ನು ಹೊಲ ಮಾಡಿದ್ದರು. ಲಂಡನ್ನಿನ ಹೊಸ ರೈಲು ಸುರಂಗ ತೋಡಿದ ಮೂವತ್ತು ಲಕ್ಷ ಟನ್ ಮಣ್ಣು ತಂದು ಸುರಿದು, 2015ರಲ್ಲಿ ಕಡಲ ಕಟ್ಟೆಯನ್ನು ತಾವೇ ಒಡೆದು ಹಕ್ಕಿಗಳಿಗಾಗಿ ಜೌಗನ್ನು ಮರಳಿ ತಂದರು. ಅಲ್ಲಿಯ ಲೆಕ್ಕಕ್ಕೆ ಅದು ಸರಿ ಇರಬಹುದು. ಅಲ್ಲಿ ಕಟ್ಟೆ ಕಡಲನ್ನು ಪೂರ್ತಿ ಹೊರಗಿಟ್ಟಿತ್ತು. ಅಘನಾಶಿನಿಯಲ್ಲಿ ಕಟ್ಟೆಗೆ ಬಾಗಿಲಿದೆ. ಅದು ಕಡಲನ್ನು ಆರು ತಿಂಗಳು ಹೊರಗೆ ನಿಲ್ಲಿಸಿ, ಆರು ತಿಂಗಳು ಒಳಗೆ ಕರೆಯುತ್ತದೆ. ಇಲ್ಲಿ ಜೌಗನ್ನು ಉಳಿಸುವುದು ಅಂದರೆ ಬಾಗಿಲು ತೆಗೆದು ಮುಚ್ಚುವ ಕೈಗಳನ್ನು ಉಳಿಸುವುದು. ಬೋರ್ಡು ಹಾಕಿ, ಹಕ್ಕಿ ಎಣಿಸಿ, ಕಟ್ಟೆ ರಿಪೇರಿಗೆ ದುಡ್ಡಿಲ್ಲ ಅಂದರೆ 4,801 ಹೆಕ್ಟೇರ್ ಅನ್ನೋದು ಕಾಗದದ ಮೇಲೆ ಉಳಿಯುತ್ತದೆ. ಕೇರಳದ ಪೊಕ್ಕಾಲಿಗೆ 2008ರಲ್ಲೇ ಭೌಗೋಳಿಕ ಗುರುತು ಸಿಕ್ಕಿತು. ಪೊಕ್ಕಾಲಿಯ ಉಪ್ಪು ತಡೆಯುವ ಗುಣವನ್ನು ಫಿಲಿಪ್ಪೀನ್ಸಿನ ಭತ್ತ ಸಂಶೋಧನಾ ಸಂಸ್ಥೆಯವರು ಬೇರೆ ತಳಿಗಳಿಗೆ ದಾಟಿಸಿದ್ದಾರೆ. ಕಗ್ಗಕ್ಕೂ ಆ ಮರ್ಯಾದೆ ಸಲ್ಲಬೇಕು.

ಇದು ಕರಾವಳಿಯವರ ತಾಪತ್ರಯ, ನಮಗೇನು ಅಂತ ನಮ್ಮ ಕಡೆಯವರು ಅನ್ನಬೇಡಿ. ನಾರಾಯಣಪುರದ ಕಾಲುವೆ ನೀರು ಬಂದ ಮೇಲೆ ಕೃಷ್ಣೆಯ ಅಚ್ಚುಕಟ್ಟಿನಲ್ಲಿ, ಅದಕ್ಕೂ ಮುಂಚೆ ತುಂಗಭದ್ರೆಯ ಅಚ್ಚುಕಟ್ಟಿನಲ್ಲಿ, ಎಷ್ಟು ಕರಿ ಹೊಲಗಳ ಮೇಲೆ ಬೆಳ್ಳಗೆ ಸವಳು ಎದ್ದಿದೆ ಅಂತ ನಮಗೆಲ್ಲ ಗೊತ್ತು. ಗಂಗಾವತಿಯಲ್ಲಿ ಸವಳು ಭೂಮಿಯ ಮೇಲೆ ಸಂಶೋಧನೆಯೇ ನಡೆಯುತ್ತದೆ. ನಮ್ಮ ಸವಳು ಬೇರೆ, ಅವರ ಉಪ್ಪು ಬೇರೆ, ಕಗ್ಗ ತಂದು ಇಲ್ಲಿ ಎರಚಿದರೆ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. ನಾವು ನೀರು ಒಳಗೆ ತರುವುದನ್ನು ಮಾತ್ರ ಕಲಿತೆವು, ಹೊರಗೆ ಬಿಡುವ ದಾರಿ ಮರೆತೆವು. ಗಜನಿಯವರು ಎರಡನ್ನೂ ಬಲ್ಲರು. ನೂರಾರು ಮಳೆಗಾಲ ತೊಳೆದು ಕಲಿತ ವಿದ್ಯೆ ಅದು. ಅದನ್ನು ಬರೆದಿಟ್ಟ ಪುಸ್ತಕ ಅಂದರೆ ಆ ಕಟ್ಟೆ, ಆ ತೂಬು, ಆ ಬೀಜ.

ಕುಮಟಾ, ಅಂಕೋಲಾ, ಹೊನ್ನಾವರ ಕಡೆಯ ಗೆಳೆಯರು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ನಿಮ್ಮ ಮನೆಯ ಹಿರಿಯರ ಹತ್ತಿರ ಕಟ್ಟೆಗೆ ಮಣ್ಣು ಹಾಕುವ ಸರದಿ ಹೇಗೆ ಹಂಚಿಕೊಳ್ಳುತ್ತಿದ್ದರು, ತೂಬು ಕಾಯುವ ಕೆಲಸ ಯಾರದಾಗಿತ್ತು, ಬಾರದವರಿಗೆ ಏನು ದಂಡ ಅಂತ ಕೇಳಿ ಬರೆದಿಡಿ. ಹಕ್ಕಿಗಳ ಪಟ್ಟಿ ಮಾಡುವವರು ಬಹಳ ಜನ ಇದ್ದಾರೆ. ಈ ಪಟ್ಟಿ ಮಾಡುವವರು ಕಡಿಮೆ, ಹೇಳಬಲ್ಲ ಅಜ್ಜಂದಿರು ಇನ್ನೂ ಕಡಿಮೆ.